ಮದುವೆಗೆ ಹೊರಟ ಮುಂಗುಸಿ

"ಗುರುಗಳೇ, ಅಕ್ಷರ ಬಲ್ಲ ಮಕ್ಕಳಿಗೂ ನೀವೇ ಓದಿ ಹೇಳುತ್ತೀರಿ. ಹೀಗೆ ತುತ್ತು ಕಲಸಿ ಬಾಯಿಗಿಟ್ಟರೆ ನಾಳೆ ಅವರು ತಾವಾಗಿ ಪುಸ್ತಕ ಮುಟ್ಟುತ್ತಾರೆಯೇ? ನನಗಂತೂ ಅನುಮಾನ" ಎಂದ ಕೊಟ್ರಯ್ಯ. ಮಠದಲ್ಲಿ ಅವನು ಹನ್ನೆರಡು ವರ್ಷದ ಹಳಬ. ಬೆಳಗಿನ ಓದು ಆಗತಾನೇ ಮುಗಿದಿತ್ತು.

ಗುರುಗಳು ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ಹೇಳಿದರು.

ಒಬ್ಬ ಗಾಣಿಗನಿದ್ದ. ಅವನಿಗೆ ಒಬ್ಬಳು ಮಗಳು, ಒಂದು ಎತ್ತು, ಒಂದು ಪುಸ್ತಕ. ಪುಸ್ತಕ ಯಾರೋ ದಾರಿಹೋಕ ಮರೆತು ಹೋದದ್ದು. ಮಧ್ಯಾಹ್ನ ಗಾಣ ನಿಲ್ಲಿಸಿ, ಎತ್ತನ್ನು ಬಿಚ್ಚಿ ಮೇವು ಹಾಕಿ, ಗಾಣಿಗ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಓದುತ್ತಿದ್ದ. ಒಂದು ಮುಂಗುಸಿ ತನ್ನ ಮದುವೆಗೆ ತಾನೇ ಹೊರಟ ಕತೆ. ಎತ್ತು ಮೇವು ಮುಗಿಸಿ ತಲೆ ಎತ್ತಿತೋ, ಪುಸ್ತಕ ಮುಚ್ಚಿತು. ಮುಂಗುಸಿ ಹಳ್ಳದ ಈಚೆಯೇ ನಿಂತಿತು.

ಅದು ಮದುವೆಮನೆ ಮುಟ್ಟಿತೋ ಇಲ್ಲವೋ ತಿಳಿಯದೆ ಮಗಳಿಗೆ ಅನ್ನ ಸೇರುತ್ತಿರಲಿಲ್ಲ. ಅಪ್ಪನ ಮೇಲೆ ಅನುಮಾನವೂ ಇತ್ತು. ನಿನ್ನೆ ಹಸಿರು ಪೇಟ ಸುತ್ತಿದ್ದ ಮುಂಗುಸಿ ಇವತ್ತು ಕೆಂಪು ಪೇಟದಲ್ಲಿರುತ್ತಿತ್ತು.

"ನಿನ್ನೆ ಹಸಿರು ಅಂದಿದ್ದೆ ಅಪ್ಪ."

"ಹಳ್ಳದಲ್ಲಿ ಜಾರಿಬಿತ್ತು, ಬೇರೆ ಸುತ್ತಿಕೊಂಡಿತು. ಪುಸ್ತಕದಲ್ಲಿ ಹಾಗೇ ಇದೆ."

"ಎಲ್ಲಿ, ತೋರಿಸು."

"ಎಣ್ಣೆ ಕೈಯಲ್ಲಿ ಮುಟ್ಟಬೇಡ" ಎಂದು ಅವನು ಪುಸ್ತಕವನ್ನು ಸೂರಿನ ಸಂದಿಗೆ ಸಿಕ್ಕಿಸಿದ. ಎಣ್ಣೆ ಮೆತ್ತಿದ್ದು ಅವನ ಕೈಗೇ.

ಹುಡುಗಿ ಯೋಚಿಸಿದಳು. ಮೇವು ಮುಗಿಯದಿದ್ದರೆ ಕತೆಯೂ ನಿಲ್ಲುವುದಿಲ್ಲ. ಅಪ್ಪನ ಕಣ್ಣು ತಪ್ಪಿಸಿ ದಿನಾ ಗೋದಲಿಗೆ ಶೇಂಗಾ ಹಿಂಡಿ ಸುರಿದಳು. ಮುಂಗುಸಿ ಹಳ್ಳ ದಾಟಿತು, ಗುಡ್ಡ ಹತ್ತಿತು. ಇನ್ನೇನು ಚಪ್ಪರ ಕಾಣಬೇಕು, ಅಷ್ಟರಲ್ಲಿ ಎತ್ತಿನ ಎಡಪಕ್ಕೆ ಡೋಲಿನ ಹಾಗೆ ಉಬ್ಬಿತು. ಎತ್ತು ಕುಸಿದು ಮಲಗಿತು.

ಎತ್ತು ಹೋದರೆ ಗಾಣ ಹೋಯಿತು, ಗಾಣ ಹೋದರೆ ಒಲೆ ಆರಿತು. ಗಾಣಿಗ ದನದ ವೈದ್ಯನನ್ನು ಕರೆಯಲು ಪಕ್ಕದ ಊರಿಗೆ ಓಡಿದ.

ಹುಡುಗಿ ಒಬ್ಬಳೇ ಉಳಿದಳು. ಆ ವರ್ಷ ಅವಳು ಶಾಲೆಯಲ್ಲಿ ಅಕ್ಷರ ಕೂಡಿಸಿ ಓದುವಷ್ಟು ಕಲಿತಿದ್ದಳು. ಎತ್ತು ಸತ್ತರೆ ಮಧ್ಯಾಹ್ನದ ಓದೂ ಸತ್ತಂತೆ. ಕೊನೆಯನ್ನಾದರೂ ನೋಡಿಬಿಡೋಣ ಎಂದು ಒರಳಿನ ಮೇಲೆ ನಿಂತು ಪುಸ್ತಕ ಎಳೆದಳು. ತೆರೆದಳು. ಮೊದಲ ಪುಟದಲ್ಲಿ ಮುಂಗುಸಿ ಇಲ್ಲ. ಕೊನೆಯ ಪುಟದಲ್ಲೂ ಇಲ್ಲ. ಇದ್ದದ್ದು ಕಾಲುಬೇನೆ, ಕೆಚ್ಚಲುಬಾವು, ಉಣ್ಣೆ ಹುಳುವಿನ ಕಾಟ. ಅದು ದನದ ಮದ್ದಿನ ಪುಸ್ತಕ.

ಹುಡುಗಿಗೆ ಅಳು ಬಂತು. ಅಳುತ್ತಲೇ ಪುಟ ತಿರುವಿದಳು.

ವೈದ್ಯ ಸಿಗದೆ ಗಾಣಿಗ ಬರಿಗೈಯಲ್ಲಿ ಬಂದ. ಮಗಳು ಎತ್ತಿನ ಪಕ್ಕ ಕೂತು ಬೆರಳಿಟ್ಟು ಓದುತ್ತಿದ್ದಳು: "ಹೊಟ್ಟೆ ಉಬ್ಬಿದ ಎತ್ತಿಗೆ ಎಣ್ಣೆಯಲ್ಲಿ ಶುಂಠಿ, ಇಂಗು ಕದಡಿ ಗೊಟ್ಟದಲ್ಲಿ ಕುಡಿಸುವುದು." ಗಾಣಿಗ ಹೊಸ್ತಿಲಲ್ಲೇ ನಿಂತು ಕೇಳಿದ. ಮೂರು ವರ್ಷ ತನ್ನ ಕೈಯಲ್ಲೇ ಇದ್ದ ಮದ್ದನ್ನು ಅವನು ಕೇಳಿದ್ದು ಆವತ್ತೇ ಮೊದಲು.

ಕುಡಿಸಿದರು. ಸಂಜೆಗೆ ಎತ್ತು ಎದ್ದು ನಿಂತಿತು.

"ಅಪ್ಪ, ಮುಂಗುಸಿ ಎಲ್ಲಿ?"

ಗಾಣಿಗ ಬಿದಿರಿನ ಗೊಟ್ಟ ತೊಳೆಯುತ್ತಿದ್ದ. ತಲೆ ಎತ್ತಲಿಲ್ಲ. "ಬೇರೆ ಪುಸ್ತಕದಲ್ಲಿ ಇರಬೇಕು ತಾಯಿ. ನನಗೇನು ಓದೋಕೆ ಬರುತ್ತದೆಯೇ? ನೀನೇ ಹುಡುಕು."

ಹುಡುಗಿ ಹುಡುಕಲು ಕೂತಳು. ಕೈಗೆ ಸಿಕ್ಕ ಪುಸ್ತಕವನ್ನೆಲ್ಲ ಓದಿದಳು, ತಲೆ ನರೆತರೂ ಬಿಡಲಿಲ್ಲ. ಒಂದನ್ನೂ ಅರ್ಧಕ್ಕೆ ಇಡಲಿಲ್ಲ. ಕೊನೆಯ ಪುಟದಲ್ಲೇ ಮುಂಗುಸಿ ಅಡಗಿದ್ದರೆ ಎಂಬ ಅನುಮಾನ. ಇನ್ನೂ ಸಿಕ್ಕಿಲ್ಲವಂತೆ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಹಾಗಾದರೆ ಅಪ್ಪ ಸುಳ್ಳು ಓದಿದ್ದೇ ಒಳ್ಳೆಯದಾಯಿತು ಅನ್ನುತ್ತೀರಾ?" ಎಂದ ಕೊಟ್ರಯ್ಯ. ಅವನ ಹುಬ್ಬು ಇನ್ನೂ ಇಳಿದಿರಲಿಲ್ಲ.

ಗುರುಗಳು ತೊಡೆಯ ಮೇಲಿನ ಪುಸ್ತಕದ ಮೇಲೆ ಕೈಯಿಟ್ಟರು.

"ಆ ಹುಡುಗಿ ಮೂರೇ ವರ್ಷಕ್ಕೆ ಪುಸ್ತಕ ಎಳೆದು ನೋಡಿದಳು, ಹನ್ನೆರಡು ವರ್ಷ ಕೇಳಿದ ನೀನು, ಇದರೊಳಗೆ ಏನಿದೆ ಎಂದು ಒಮ್ಮೆಯಾದರೂ ನೋಡಿದೆಯಾ?"

ಕೊಟ್ರಯ್ಯ ಪುಸ್ತಕದತ್ತ ಕೈ ಚಾಚಿದ.