ಕಟ್ ಎಂಬ ಮಾತು

"ಗುರುಗಳೇ, 'ಕಟ್' ಎಂಬ ಇಂಗ್ಲಿಷ್ ಪದ ಈಗ ಎಲ್ಲರ ಬಾಯಲ್ಲೂ ಇದೆ. ಕರೆಂಟ್ ಕಟ್ ಆಯಿತು ಎನ್ನುತ್ತೇವೆ, ಫೋನ್ ಕಟ್ ಆಯಿತು ಎನ್ನುತ್ತೇವೆ. ರಜೆ ಹಾಕಿದರೆ ಸಂಬಳ ಕಟ್. ಕ್ಷೌರದಂಗಡಿಯಲ್ಲಿ ಕೂದಲೂ ಕಟ್. ಒಂದೇ ಮಾತಿಗೆ ಇಷ್ಟು ಅರ್ಥಗಳಿದ್ದರೆ, ಆಡುವವನ ಮನಸ್ಸಿನಲ್ಲಿರುವುದು ಯಾವುದೆಂದು ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದೂರಿನಲ್ಲಿ ಒಬ್ಬ ಲೈನ್‌ಮನ್ ಇದ್ದ. ಇಪ್ಪತ್ತು ವರ್ಷ ಕಂಬ ಹತ್ತಿ ಇಳಿದವನು. ಒಂದು ಮಧ್ಯಾಹ್ನ, ಹಿಟ್ಟಿನ ಗಿರಣಿಯ ಎದುರಿನ ಕಂಬದಲ್ಲಿ ಕಿಡಿ ಹಾರುತ್ತಿದೆ ಎಂದು ದೂರು ಬಂತು. ಕರೆಂಟ್ ನಿಲ್ಲಿಸುವಂತೆ ಸಬ್‌ಸ್ಟೇಷನ್ನಿನ ಆಪರೇಟರನಿಗೆ ಹೇಳಿ ಹೊರಟ. ನಿಂತಿದೆಯೆಂದು ಖಾತ್ರಿ ಮಾಡಿಕೊಂಡೇ ಹತ್ತುವುದು ಅವನ ರೂಢಿ. ಅಂದು ಇನ್ನೂ ಮೂರು ಕಡೆ ಹೋಗಬೇಕಿತ್ತು. ಅವಸರದಲ್ಲಿ ಹತ್ತಿದ ಮೇಲೆ ಫೋನ್ ಮಾಡಿದ.

"ಕಟ್ ಆಯ್ತಾ?"

ಆಪರೇಟರನಿಗೆ ಅವನ ದನಿ ತುಂಡು ತುಂಡಾಗಿ ಕೇಳಿಸಿತು. "ಏನೂ ಕೇಳಿಸ್ತಿಲ್ಲ ಮಾರಾಯ, ಕಟ್ ಆಗ್ತಿದೆ" ಎಂದ. ಲೈನ್‌ಮನ್‌ನ ಕಿವಿಗೆ ಮುಟ್ಟಿದ್ದು 'ಕಟ್' ಎಂಬುದಷ್ಟೇ. ಅವನ ಕೆಲಸದಲ್ಲಿ ಆ ಮಾತಿಗೆ ಇದ್ದದ್ದು ಒಂದೇ ಅರ್ಥ. ಫೋನನ್ನು ಜೇಬಿಗಿಟ್ಟು ತಂತಿಯತ್ತ ಕೈ ಚಾಚಿದ.

"ಅಣ್ಣಾ, ಮುಟ್ಟಬೇಡಿ! ಗಿರಣಿ ತಿರುಗ್ತಾ ಇದೆ!"

ಗಿರಣಿ ನಡೆಸುವ ಹೆಂಗಸು ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. ಗಿರಣಿಯ ಸದ್ದು ಅವನು ಬಂದಾಗಿನಿಂದಲೂ ಇತ್ತು. ಅವನ ಕಿವಿಗೆ ಬಿದ್ದದ್ದು ಮಾತ್ರ ಆಗ. ಕೈ ತಂತಿಗೆ ಒಂದು ಗೇಣು ದೂರದಲ್ಲಿತ್ತು. ಹಿಂದಕ್ಕೆಳೆದುಕೊಂಡು ಕಂಬವನ್ನು ತಬ್ಬಿ ನಿಂತ.

ಇಳಿದ ಮೇಲೆ ಅವಳು ನೀರು ಕೊಟ್ಟಳು. ಚೊಂಬು ಅವನ ಹಲ್ಲಿಗೆ ಕಟಕಟ ಬಡಿಯಿತು. "ಕಟ್ ಅಂದನಲ್ಲಮ್ಮ" ಎಂದ.

"ಯಾರು ಏನಂದರೋ ನಾ ಕಾಣೆ. ಇನ್ನೂ ಒಂದು ಮೂಟೆ ರಾಗಿ ಬೀಸೋದಿತ್ತು. ಕರೆಂಟ್ ಯಾವಾಗ ತೆಗೀತೀರೋ ಅಂತ ನಿಮ್ಮನ್ನೇ ನೋಡ್ತಿದ್ದೆ" ಎಂದಳು ಅವಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು. ಶಿಷ್ಯ, "ಆ ಆಪರೇಟರ್ ಬಿಡಿಸಿ ಹೇಳಬೇಕಿತ್ತು" ಎಂದ.

ಗುರುಗಳು ಕೇಳಿದರು: "ಗಿರಣಿಯವಳಿಗೆ ಯಾರು ಬಿಡಿಸಿ ಹೇಳಿದ್ದರಪ್ಪ?"