ರಫಾಯೇಲ ಸ್ವಾಮಿಗಳು ಕ್ಷೌರಕ್ಕೆ ಕೂತಾಗ ಆಡಿದ ಮಾತು

“ಈ ಬಟ್ಟೆ ತೆಗೀರಿ, ಗಾಳಿ ಬರ್ಲಿ.”

ಬ್ರಿಜಿತಮ್ಮ ಗಂಡನಿಗೆ ಹೇಳಿದ ಕೊನೆಯ ಮಾತು ಇದು. ಗಂಡ ಸಂದ್ಯಾಗಪ್ಪ, ಜೋಜಿಪಾಳ್ಯದ ಕ್ಷೌರದವನು. ಹೊಗೆಸೊಪ್ಪಿನಿಂದ ಎದ್ದ ಹುಣ್ಣು ಆಕೆಯ ಎಡಗೆನ್ನೆಯನ್ನು ಪೂರಾ ತಿಂದುಹಾಕಿತ್ತು. ಹಲ್ಲು ಹೊರಗೆ ಕಾಣುತ್ತಿತ್ತು. ಗಿರಾಕಿಗಳ ಕೊರಳಿಗೆ ಸುತ್ತುವ ಬಿಳಿ ಬಟ್ಟೆಯಲ್ಲಿ ಹೊಸದೊಂದನ್ನು ತೆಗೆದು ಅವನೇ ಆ ಮುಖಕ್ಕೆ ಕಟ್ಟಿದ್ದ. ಅವತ್ತು ಚರ್ಚಿನ ಮಾತೆಯ ಸಂಘದ ಹೆಂಗಸರು ಜಪಸರ ಹಿಡಿದು ಬಾಗಿಲಿಗೆ ಬಂದಿದ್ದರು. “ತಡಿ, ಜನ ಬಂದವ್ರೆ” ಅಂದ. ಅವರು ಜಪಸರ ಮುಗಿಸಿ ಏಳುವಷ್ಟರಲ್ಲಿ ಆಕೆ ಹೋಗಿಬಿಟ್ಟಿದ್ದಳು. ಬಟ್ಟೆ ಹಾಗೇ ಇತ್ತು.

ಇದನ್ನು ಅವನು ಯಾರಿಗೂ ಹೇಳಲಿಲ್ಲ. ಪಾಪನಿವೇದನೆಯಲ್ಲೂ ಹೇಳಲಿಲ್ಲ.

ಮಣ್ಣು ಮಾಡಿದ ದಿನ ಉಪದೇಶಿ ಅರುಳಪ್ಪ ಅವನ ಹೆಗಲ ಮೇಲೆ ಕೈಯಿಟ್ಟು, ಇಲ್ಲಿ ಪಟ್ಟ ನೋವೆಲ್ಲ ಅಲ್ಲಿ ಕಿರೀಟವಾಗುತ್ತದೆ, ನೀನು ಸಂತೋಷಪಡಬೇಕು ಎಂದು ಬುದ್ಧಿ ಹೇಳಿದ. ಆ ವಾರ ಅರುಳಪ್ಪನ ಗಡ್ಡವನ್ನು ಸಂದ್ಯಾಗಪ್ಪ ನೀರೇ ಹಚ್ಚದೆ ಕೆರೆದ. ಬೇರೆಯವರಿಗೂ ಗಾಯವಾಗತೊಡಗಿತು. “ಏನ್ ಸಂದ್ಯಾಗಣ್ಣ, ಕೋಳಿ ತರೀತಿದ್ದೀಯಾ?” ಅಂತ ಒಬ್ಬ ಅಂದಿದ್ದಕ್ಕೆ, ಅರ್ಧ ಗಡ್ಡದಲ್ಲೇ ಅವನನ್ನು ಅಂಗಡಿಯಿಂದ ಎಬ್ಬಿಸಿ ಕಳಿಸಿದ.

ಆಗ ಆ ಊರಿನ ಚರ್ಚಿನಲ್ಲಿ ಇದ್ದವರು ಪೂಜ್ಯ ರಫಾಯೇಲ ಸ್ವಾಮಿಗಳು. ಕಲ್ಲುಚಪ್ಪಡಿಯ ಒಂದು ಕೋಣೆ, ಒಂದು ಚಾಪೆ, ಒಂದು ಮಡಕೆ, ತೇಪೆ ಹಾಕಿದ ಎರಡು ನಿಲುವಂಗಿ, ಇಷ್ಟೇ ಅವರ ಆಸ್ತಿ. ಮಾತು ಕಡಿಮೆ. ಶನಿವಾರ ಶನಿವಾರ ಬಾವಿಕಟ್ಟೆಯ ಮೇಲೆ ಕೂತು ಸಂದ್ಯಾಗಪ್ಪನಿಗೆ ಗದ್ದ ಒಡ್ಡುತ್ತಿದ್ದರು.

ಹೆಂಡತಿ ತೀರಿ ಮೂರನೆಯ ಶನಿವಾರ ಅವನು ಕತ್ತಿ, ಕನ್ನಡಿ ತುಂಬಿದ ಹಡಪ ಹಿಡಿದು ಬಂದ. ಸೋಪು ಹಚ್ಚಿದ. ಗಂಟಲ ಹತ್ತಿರ ಕತ್ತಿ ಬಂದಾಗ ಕೈ ನಿಂತಿತು.

“ಸ್ವಾಮಿ, ದೇವರು ನಮ್ಮನ್ನ ತಮ್ಮ ಹಂಗೇ ಮಾಡವ್ರೆ ಅಂತ ಚಿಕ್ಕಂದ್ನಲ್ಲಿ ಬಾಯಿಪಾಠ ಮಾಡ್ಸಿದ್ರಿ. ನನ್ನ ಹೆಂಡ್ತಿ ಯಾರ ಹಂಗಿದ್ಲು?”

ಅಷ್ಟಕ್ಕೇ ಅವನು ಬಿಡಲಿಲ್ಲ. ಚರ್ಚಿನ ಪೂಜೆಯಲ್ಲಿ ಆಕೆ ಕೂತ ಕಡೆ ಹೆಂಗಸರು ಮೂಗಿಗೆ ಸೆರಗು ಹಿಡಿದು ಸರಿದದ್ದು, ಸ್ವಂತ ತಂಗಿಯೇ ಬಾಗಿಲಲ್ಲಿ ನಿಂತು ಮಾತಾಡಿಸಿ ಹೋದದ್ದು, ಹೆಣದ ಹಣೆಗೆ ಮುತ್ತಿಡುವ ಪದ್ಧತಿಯನ್ನೂ ಊರು ಮರೆತದ್ದು, ಒಂದೊಂದಾಗಿ ಹೇಳಿದ. ಕತ್ತಿ ಗಂಟಲ ಮೇಲೇ ಇತ್ತು.

“ಕೆನ್ನೆ ಉಳಿಸ್ಲಿಲ್ಲ. ಈಗ ಕಿರೀಟ ಕೊಡ್ತಾರಂತೆ. ಯಾರಿಗೆ ಬೇಕು ಅದು?”

ಸ್ವಾಮಿಗಳು ಕತ್ತಿಯನ್ನು ಸರಿಸಲಿಲ್ಲ. ತಾವು ಏಳು ತಿಂಗಳು ಆಕೆಗೆ ಪರಮಪ್ರಸಾದ ಕೊಟ್ಟದ್ದಾಗಿಯೂ, ಪ್ರತಿ ಸಲ ಕಣ್ಣನ್ನು ನೆಲಕ್ಕಿಟ್ಟುಕೊಂಡೇ ಕೊಟ್ಟದ್ದಾಗಿಯೂ ಹೇಳಿದರು. ಜನ ಅದನ್ನು ಭಕ್ತಿ ಅಂದುಕೊಂಡಿದ್ದರಂತೆ. ಭಕ್ತಿಯಲ್ಲ, ಹೇಸಿಗೆ ಎಂದರು. ಆಮೇಲೆ ಕಣ್ಣೆತ್ತಿ ಅವನನ್ನೇ ನೋಡಿದರು.

“ನೀನು ಆಕೆ ಮುಖ ನೋಡಿದೆಯಾ?”

ಊರಿನ ಮುಖಗಳನ್ನೆಲ್ಲ ನೋಡಿ ಅನ್ನ ತಿನ್ನುವವನು ಅವನು. ಯಾರ ಮಚ್ಚೆ ಎಲ್ಲಿ, ಯಾರ ಗಾಯ ಎಲ್ಲಿ ಅಂತ ಕಣ್ಣು ಮುಚ್ಚಿ ಹೇಳಬಲ್ಲ. ಕತ್ತಿ ಕಟ್ಟೆಯ ಮೇಲಿಟ್ಟು ಕೂತುಬಿಟ್ಟ. ಬಟ್ಟೆಯ ಮಾತು ಆಗ ಹೊರಗೆ ಬಂತು. ಕಟ್ಟಿದ್ದು ತಾನೇ, ಅವಳಿಗೋಸ್ಕರ ಅಂತ ಹೇಳಿಕೊಂಡು ಕಟ್ಟಿದ್ದು, ಅವಳು ಗಾಳಿ ಕೇಳಿದ್ದು, ತಾನು ತಡಿ ಅಂದದ್ದು.

ಸ್ವಾಮಿಗಳು ಸಮಾಧಾನ ಹೇಳಲಿಲ್ಲ. ಅವರ ಮುಖದಲ್ಲಿ ಸಿಟ್ಟಿತ್ತು. ಆ ಸಿಟ್ಟು ತನ್ನ ಮೇಲೋ, ಅವರಿಗೆ ಅವರ ಮೇಲೇನೋ, ಊರಿನ ಮೇಲೋ ಸಂದ್ಯಾಗಪ್ಪನಿಗೆ ತಿಳಿಯಲಿಲ್ಲ. ಅವರು ಅಂದರು:

“ಸ್ವರ್ಗದಲ್ಲಿ ಕೊಡೋ ಬಹುಮಾನ ಒಂದೇ, ಸಂದ್ಯಾಗಪ್ಪ. ದೇವರ ಮುಖ ನೋಡೋದು. ಆಕೆ ನೋಡ್ತಾ ಇದ್ದಾಳೆ. ಇಲ್ಲಿ ಮುಖ ತಿರುಗಿಸಿದ ನಮಗೆ ಅದು ಬಹುಮಾನ ಆಗ್ತದೋ ಶಿಕ್ಷೆ ಆಗ್ತದೋ, ನನಗೆ ಭಯ.”

ಅಷ್ಟೇ. ಉಳಿದ ಕ್ಷೌರ ಮುಗಿಯಿತು. ಸ್ವಾಮಿಗಳು ಮುಖ ತೊಳೆದು, ಗಂಜಿಯ ಗಡಿಗೆ ಹೊತ್ತು ಚರ್ಚಿನ ಹಿಂದಿನ ಹುಲ್ಲು ಚಪ್ಪರಕ್ಕೆ ನಡೆದರು. ಅಲ್ಲಿ ಅವರು ಹನ್ನೊಂದು ಜನ ಕುಷ್ಠರೋಗಿಗಳನ್ನು ಸಾಕುತ್ತಿದ್ದರು. ಊರಿನವರು ಆ ಕಡೆ ಹೋಗುತ್ತಿರಲಿಲ್ಲ. ಕ್ಷೌರದವರಂತೂ ಯಾರೂ ಹೋದದ್ದೇ ಇಲ್ಲ.

ಮಾರನೆಯ ದಿನ ಭಾನುವಾರ. ಪೂಜೆಗೆ ಮುಂಚೆ ಅಂಗಡಿ ಮುಂದೆ ಜನ ಕಾದು ಕೂತಿದ್ದರು. ಅರುಳಪ್ಪನೂ ಇದ್ದ. ಸಂದ್ಯಾಗಪ್ಪ ಹಡಪ ಕಂಕುಳಲ್ಲಿ ಇರುಕಿಕೊಂಡು ಅವರೆದುರಿಗೇ ಹಾದು ಚಪ್ಪರಕ್ಕೆ ಹೋದ. ಅವನ ಸಿಟ್ಟು ಇಳಿದಿರಲಿಲ್ಲ. ಮೊದಲು ಸಿಕ್ಕವನು ಮುತ್ತಯ್ಯ ಎಂಬ ಮುದುಕ. ಮೂಗು ಕರಗಿಹೋಗಿತ್ತು, ಗಡ್ಡ ಎದೆಗೆ ಬಂದಿತ್ತು. ಮುದುಕ ಹಿಂದೆ ಹಿಂದೆ ಸರಿದ.

“ಬ್ಯಾಡ ಕಣಪ್ಪ. ನನ್ ಮುಟ್ಟಿದ ಕತ್ತಿಗೆ ಊರೋರು ಗದ್ದ ಕೊಟ್ಟಾರಾ?”

“ಕೊಡದಿದ್ರೆ ಬೆಳೆಸ್ಕೊಂಡು ಸಾಯ್ಲಿ” ಅಂದ ಸಂದ್ಯಾಗಪ್ಪ.

ಆಮೇಲೆ ಮಣ್ಣಿನಲ್ಲೇ ಚಕ್ಕಳಮಕ್ಕಳ ಹಾಕಿ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತ. ಎರಡೂ ಕೈಯಲ್ಲಿ ಮುದುಕನ ಮುಖ ಹಿಡಿದು, ಮೆಲ್ಲಗೆ ಬೆಳಕಿನ ಕಡೆಗೆ ತಿರುಗಿಸಿಕೊಂಡ.