ಒಲೆಗೋ ಅಚ್ಚಿಗೋ

ವರದಯ್ಯನವರಿಗೆ ಜಡೆಯೂ ಇರಲಿಲ್ಲ, ಕಾವಿಯೂ ಇರಲಿಲ್ಲ. ಒಂದು ಬನಿಯನ್ನು, ಒಂದು ಪಂಚೆ, ಕಿವಿಯ ಮೇಲೊಂದು ಪೆನ್ಸಿಲ್ಲು, ಅಷ್ಟೇ. ಆದರೂ ಹೊಳೆದಡದ ಅವರ ಮನೆಯನ್ನು ಊರವರು ಆಶ್ರಮ ಅಂತಲೇ ಕರೆಯುತ್ತಿದ್ದರು. ಅದರಲ್ಲಿ ಅರ್ಧ ಗೌರವ, ಇನ್ನರ್ಧ ತಮಾಷೆ.

ಅವರು ಬರೆಯುತ್ತಿದ್ದದ್ದು ಪತ್ತೇದಾರಿ ಕಾದಂಬರಿ, ಅದೂ ನಗಿಸುವಂಥದ್ದು. ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ಬಾಳೆಗೊನೆಯ ಪಕ್ಕ ಹಗ್ಗಕ್ಕೆ ನೇತುಹಾಕಿ ಮಾರುತ್ತಿದ್ದರು.

ಬರವಣಿಗೆಗೆ ಅವರದೇ ಒಂದು ಕಟ್ಟಳೆ ಇತ್ತು. ಹೆಂಡತಿ ಕನಕಮ್ಮ ಬೆಳಿಗ್ಗೆ ಸೀರೆ ಒಗೆದು ಬಂಡೆಯ ಮೇಲೆ ಹರವಿದ ಕೂಡಲೇ ಕೂರುವುದು, ಸೀರೆ ಒಣಗಿದ ಕೂಡಲೇ ಏಳುವುದು. ಹಾಗಾಗಿ ಬೇಸಿಗೆಯಲ್ಲಿ ಬರೆದ ಕಾದಂಬರಿಗಳು ತೆಳ್ಳಗೆ, ಮಳೆಗಾಲದವು ದಪ್ಪ. ಪ್ರಕಾಶಕರು ಗೊಣಗಿದರೆ "ಸೂರ್ಯನ್ನ ಕೇಳಿ" ಅಂದುಬಿಡುತ್ತಿದ್ದರು.

ಇಂಥವರ ಹತ್ತಿರ ಕಲಿಯೋಣ ಅಂತ ದಾವಣಗೆರೆಯಿಂದ ಇಂದುಧರ ಬಂದ. ಬಂದವನು ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಉಳಿದೇಬಿಟ್ಟ.

ದಿನಾ ಮಧ್ಯಾಹ್ನ ಊಟಕ್ಕೆ ಮೊದಲು ಅವನು ಬರೆದದ್ದನ್ನು ಜಗಲಿಯ ಮೇಲೆ ಕೂತು ಓದಬೇಕು. ವರದಯ್ಯ ಕಣ್ಣು ಮುಚ್ಚಿ ಕೇಳುತ್ತಾರೆ. ಮುಗಿದ ಮೇಲೆ ಎರಡರಲ್ಲಿ ಒಂದು ಮಾತು ಹೇಳುತ್ತಾರೆ. "ಅಚ್ಚಿಗೆ" ಅಂದರೆ ಪ್ರಕಾಶಕರಿಗೆ ಕಳಿಸಬಹುದು. "ಒಲೆಗೆ" ಅಂದರೆ ಬಚ್ಚಲ ಒಲೆ.

ವರ್ಷ ಎರಡು ಕಳೆದರೂ "ಅಚ್ಚಿಗೆ" ಅನ್ನುವ ಮಾತು ಅವನ ಕಿವಿಗೆ ಬಿದ್ದಿರಲಿಲ್ಲ. ಮನೆಮಂದಿಯ ಸ್ನಾನದ ನೀರಂತೂ ಚೆನ್ನಾಗಿ ಕಾಯುತ್ತಿತ್ತು.

ಒಂದು ದಿನ ಇಂದುಧರ ಬರೆಯುತ್ತಾ ಬರೆಯುತ್ತಾ ಕಿಸಕ್ಕನೆ ನಕ್ಕ. ಸ್ವಲ್ಪ ಹೊತ್ತಿಗೆ ಇನ್ನೊಮ್ಮೆ ಹೊಟ್ಟೆ ಹಿಡಿದುಕೊಂಡು ನಕ್ಕ.

ವರದಯ್ಯ ಎದ್ದು ಬಂದರು. "ಎಲ್ಲಿ ನಕ್ಕಿದ್ದು?"

"ಇಲ್ಲಿ ಗುರುಗಳೇ. ಆಮೇಲೆ ಇಲ್ಲಿ."

ಅವರು ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಎರಡೂ ಸಾಲು ಹೊಡೆದುಹಾಕಿದರು.

"ಅಯ್ಯೋ! ಇದ್ದದ್ದರಲ್ಲಿ ಅವೇ ಚೆನ್ನಾಗಿದ್ದವಲ್ಲ!"

"ನೀನೇ ನಕ್ಕು ಮುಗಿಸಿಬಿಟ್ಟೆ. ಓದೋರಿಗೆ ಏನು ಉಳೀತು?"

ಇನ್ನೊಂದು ದಿನ ಅವನು ಬಹಳ ದಿನದಿಂದ ಗಂಟಲಲ್ಲೇ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದ.

"ಗುರುಗಳೇ, ತಪ್ಪು ತಿಳೀಬೇಡಿ. ನೀವು ಒಂದಾದರೂ ಘನವಾದ ಕಾದಂಬರಿ ಬರೀಬಹುದಿತ್ತಲ್ಲ?"

"ನಮ್ಮ ಪುಸ್ತಕ ಎಲ್ಲಿ ಮಾರ್ತಾರೆ?"

"ಬಸ್ ಸ್ಟ್ಯಾಂಡಲ್ಲಿ."

"ಅಲ್ಲಿ ನಿಂತಿರೋರ ಕೈ ನೋಡಿದ್ದೀಯಾ?"

"ಇಲ್ಲ."

"ನೋಡು. ಒಂದು ಕೈಲಿ ಮಗು, ಇನ್ನೊಂದು ಕೈಲಿ ಗಂಟು ಇರುತ್ತೆ. ಅವರ ತಲೆ ಮೇಲೆ ನಾನು ಬೇರೆ ಏನು ಹೊರಿಸಲಿ?"

ಇಂದುಧರನಿಗೆ ಸಮಾಧಾನವಾಗಲಿಲ್ಲ.

ಧನುರ್ಮಾಸದಲ್ಲಿ ಊರಿಂದ ಫೋನು ಬಂತು. ಮಾತಾಡಿದ್ದು ಸೋದರಮಾವ ಕೊಟ್ರಬಸಪ್ಪ. ತಂದೆಯಿಲ್ಲದ ಇಂದುಧರನನ್ನು ಸಾಕಿ ಬೆಳೆಸಿದವರು ಅವರೇ. ಅವರದು ಸ್ಟೀಲ್ ಪಾತ್ರೆ ಅಂಗಡಿ.

"ಲೇ, ಸಂಕ್ರಾಂತಿಗೆ ಬರ್ತೀನಿ. ಅಷ್ಟರೊಳಗ ನಿಮ್ಮ ಗುರುಗಳು ಒಪ್ಪಿದ್ರೆ ಅಲ್ಲೇ ಇರು. ಇಲ್ಲಾಂದ್ರೆ ಗಂಟು ಕಟ್ಟು. ಅಂಗಡಿಗೆ ಜನ ಬೇಕು."

"ಆಯ್ತು ಮಾವ" ಅಂದ ಇಂದುಧರ. ಅವನಿಗೆ ಬರೆಯುವುದು ಬಿಟ್ಟು ಬೇರೇನೂ ಬೇಕಿರಲಿಲ್ಲ, ಬರೆಯಲಿಕ್ಕೋ ಬರುತ್ತಿರಲಿಲ್ಲ.

ಅಂದಿನಿಂದ ಓದುವಾಗಲೆಲ್ಲ ಅವನು ಗುರುಗಳ ಮುಖವನ್ನೇ ಕದ್ದು ನೋಡಲು ಶುರು ಮಾಡಿದ. ಆಗ ಅವನಿಗೊಂದು ಗುಟ್ಟು ಹೊಳೆಯಿತು. ಗುರುಗಳು ಪೂರ್ತಿ ಕಣ್ಣು ಮುಚ್ಚುತ್ತಿರಲಿಲ್ಲ. ಅರೆಗಣ್ಣಲ್ಲಿ ಕನಕಮ್ಮನ ಕೈಗಳನ್ನು ನೋಡುತ್ತಿದ್ದರು.

ಕನಕಮ್ಮ ಆ ಹೊತ್ತಿಗೆ ಜಗಲಿಯಲ್ಲೇ ಏನಾದರೂ ಕೆಲಸ ಹಿಡಿದು ಕೂತಿರುತ್ತಿದ್ದರು. ಒಂದೊಂದು ದಿನ ಅಕ್ಕಿ ಆರಿಸುವುದು, ಒಂದೊಂದು ದಿನ ಬತ್ತಿ ಹೊಸೆಯುವುದು. ಈಗಂತೂ ಅವರೆಕಾಯಿ ಕಾಲ. ಮೊರದ ತುಂಬ ಕಾಯಿ, ನಡುವೆ ಕಾಳಿಗೆ ಬೋಗುಣಿ, ಈಚೆ ಹಳೇ ಪೇಪರಿನ ಮೇಲೆ ಸಿಪ್ಪೆ. ಅವರು ಕಥೆ ಕೇಳುತ್ತಿದ್ದರೋ ಇಲ್ಲವೋ ಹೇಳುವುದು ಕಷ್ಟ, ಕೈ ಮಾತ್ರ ಚಕಚಕ ಆಡುತ್ತಿತ್ತು.

"ಸಿಕ್ಕಿತು!" ಅಂದುಕೊಂಡ ಇಂದುಧರ. "ಅಮ್ಮನ ಕೈ ನಿಂತರೆ ಅಧ್ಯಾಯ ಗೆದ್ದಂತೆ. ಇಷ್ಟು ದಿನ ಇದು ಗೊತ್ತಾಗದೇ ಹೋಯಿತಲ್ಲ!"

ಮಾರನೆಯ ದಿನದಿಂದ ಅವನು ಬರೆದದ್ದೆಲ್ಲ ಆ ಕೈ ನಿಲ್ಲಿಸುವುದಕ್ಕೇ. ಒಂದು ಪುಟದಲ್ಲಿ ಕಿರುಚಾಟ, ಇನ್ನೊಂದರಲ್ಲಿ ಬೆಂಕಿ. ಕೈ ನಿಲ್ಲಲಿಲ್ಲ. ಕೊನೆಗೆ ಒಂದು ಮದುವೆ ಮನೆ ಬರೆದ. ಅಡುಗೆಯವನು ಇಡ್ಲಿ ಕೊಳಗದ ಮುಚ್ಚಳ ತೆಗೆಯುತ್ತಾನೆ, ಒಳಗೆ ಹಬೆಯಾಡುತ್ತಿರುವ ಮನುಷ್ಯನ ತಲೆ!

ಕನಕಮ್ಮನ ಕೈ ಗಕ್ಕನೆ ನಿಂತಿತು.

ಇಂದುಧರನಿಗೆ ಹಿಡಿಸಲಾರದಷ್ಟು ಸಂತೋಷ. ಉಳಿದ ಪುಟಗಳನ್ನು ಒಂದೇ ಉಸಿರಿಗೆ ಓದಿ ಮುಗಿಸಿ ಗುರುಗಳ ಕಡೆ ತಿರುಗಿದ.

ವರದಯ್ಯ ಕಣ್ಣು ಬಿಟ್ಟು ಅವನ ಹಿಂದಿನ ಗೋಡೆ ನೋಡಿದರು.

"ಹಾವು!"

ಇಂದುಧರ ಹಾರಿ ಜಗಲಿಯ ಕೆಳಗೆ ನಿಂತ. ಹಾಳೆಗಳೆಲ್ಲ ಚೆಲ್ಲಾಪಿಲ್ಲಿ. ಕನಕಮ್ಮ ಮೊರವನ್ನು ಎದೆಗವಚಿಕೊಂಡು ಎದ್ದು ನಿಂತರು.

"ಎಲ್ಲಿ? ಎಲ್ಲಿ ಗುರುಗಳೇ?"

"ಎಲ್ಲೂ ಇಲ್ಲ. ಕೂತ್ಕೋ."

"ಮತ್ತೆ?"

"ಅವಳ ಕೈ ನಿಂತಿತು ತಾನೇ? ನಿಂದೂ ನಿಂತಿತು. ನನಗೆ ಒಂದು ಮಾತು ಸಾಕಾಯ್ತು. ನಿನಗೆ ಇಡೀ ಅಧ್ಯಾಯ ಬೇಕಾಯ್ತು."

ಇಂದುಧರನ ಮುಖ ಸಣ್ಣದಾಯಿತು.

ಕನಕಮ್ಮನಿಗೆ ಇಬ್ಬರ ಮೇಲೂ ಸಿಟ್ಟು ಬಂದಿತ್ತು. "ನಿಮ್ಮ ಗುರುಶಿಷ್ಯರ ಆಟಕ್ಕೆ ನನ್ನ ಎದೆ ಒಡೆದು ಹೋಗಬೇಕಿತ್ತು. ಇಡ್ಲಿ ಕೊಳಗ ಅಂತೆ, ತಲೆ ಅಂತೆ! ಇನ್ನು ನಾನು ಇಡ್ಲಿ ಮಾಡೋದು ಹೇಗೆ? ಹೊತ್ತು ನೋಡಿ, ಕಾಯಿ ಅರ್ಧಕ್ಕರ್ಧ ಹಾಗೇ ಉಳೀತು. ಇವತ್ತು ಊಟ ತಡ."

"ಒಲೆಗೆ" ಅಂದರು ವರದಯ್ಯ.

ಇಂದುಧರ ಹಾಳೆ ಆರಿಸಿಕೊಂಡ. ಅವನ ಕಣ್ಣಲ್ಲಿ ನೀರು ತುಂಬಿತ್ತು. "ನಿಲ್ಲದಿದ್ದರೂ ಒಲೆಗೆ, ನಿಂತರೂ ಒಲೆಗೆ. ಹಾಗಾದ್ರೆ ನಾನು ಏನು ಮಾಡಲಿ ಗುರುಗಳೇ?"

"ಅವಳ ಕೈಗೆ ಏನು ಬೇಕು ಅಂತ ಯೋಚನೆ ಮಾಡೋದು ಬಿಡು. ನಿನ್ನ ಪತ್ತೇದಾರನಿಗೆ ಏನು ಬೇಕು, ಅದನ್ನ ನೋಡು."

"ಅವನಿಗೆ ಕೊಲೆಗಾರ ಬೇಕು."

"ಅದು ಪೊಲೀಸರಿಗೆ ಬೇಕು. ಅವನಿಗೆ ಏನು ಬೇಕು?"

ಇಂದುಧರ ಹೊಳೆಯ ಮೆಟ್ಟಿಲ ಮೇಲೆ ಹೋಗಿ ಕೂತ. ಮದುವೆ ಮನೆಗೆ ಬಂದ ಪತ್ತೇದಾರ ಪರಮಶಿವನಿಗೆ ಏನು ಬೇಕು? ಊಟವೇ? ಸಂಭಾವನೆಯೇ? ಬಿಸಿಲೇರಿತು. ಕಾಲು ಸುಡುತ್ತಿತ್ತು. ಚಪ್ಪಲಿಯನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಹೋದ ವರ್ಷ ಚಿಕ್ಕಮ್ಮನ ಮಗಳ ಮದುವೆಯಲ್ಲಿ ತನ್ನ ಹೊಸ ಚಪ್ಪಲಿ ಕಳೆದದ್ದು ನೆನಪಾಯಿತು. ಅವತ್ತು ಮದುಮಗಳ ಮುಖವನ್ನೂ ಅವನು ಸರಿಯಾಗಿ ನೋಡಿರಲಿಲ್ಲ.

ಅವನು ಎದ್ದು ಹೋಗಿ ಬರೆಯಲು ಕೂತ. ಒಮ್ಮೆಯೂ ನಗಲಿಲ್ಲ. ನಗಲು ಅವನಿಗೆ ಪುರುಸೊತ್ತಿರಲಿಲ್ಲ, ಪರಮಶಿವನ ಜೊತೆ ಅವನೂ ಚಪ್ಪಲಿ ಹುಡುಕುತ್ತಿದ್ದ.

ಸಂಕ್ರಾಂತಿಯ ಹಿಂದಿನ ದಿನ ಕೊಟ್ರಬಸಪ್ಪ ಬಂದರು. ಬಿಳೀ ಅಂಗಿ, ಹಣೆ ತುಂಬ ವಿಭೂತಿ, ಕೈಯಲ್ಲಿ ಎಳ್ಳುಬೆಲ್ಲದ ಡಬ್ಬಿ.

"ಏನ್ರೀ ಗುರುಗಳೇ, ನಮ್ಮ ಹುಡುಗಂದು ಏನಾತು?"

"ಇವತ್ತು ಓದ್ತಾನೆ. ಕೂತ್ಕೊಳಿ."

"ಲಗೂನ ಓದಿಸ್ರಿ. ಮಧ್ಯಾಹ್ನದ್ದು ಒಂದೇ ಬಸ್ಸು. ಅದು ಹೋದ್ರೆ ನಾಳೆವರೆಗೂ ಗತಿ ಇಲ್ಲ. ಹಬ್ಬದ ವ್ಯಾಪಾರ ಬ್ಯಾರೆ."

ಕನಕಮ್ಮ ಬಂದವರ ಮುಂದೆ ಮೊರ ತಳ್ಳಿದರು. ಆ ಮನೆಯಲ್ಲಿ ಅವರೆಕಾಯಿ ಕಾಲದಲ್ಲಿ ಸುಮ್ಮನೆ ಕೂರುವ ಹಕ್ಕು ಯಾರಿಗೂ ಇರಲಿಲ್ಲ, ಗುರುಗಳನ್ನು ಬಿಟ್ಟು. ಕೊಟ್ರಬಸಪ್ಪ ಅಂಗಿಯ ತೋಳು ಮಡಚಿ ಸುಲಿಯಲು ಕೂತರು. ಬೋಗುಣಿಯನ್ನು ಎತ್ತಿ ಬೆರಳಲ್ಲಿ ಒಮ್ಮೆ ತಟ್ಟಿ ನೋಡಿ, "ದಪ್ಪ ಐತಿ" ಅಂದು ಕೆಳಗಿಟ್ಟರು.

ಇಂದುಧರನ ಬಟ್ಟೆಯ ಗಂಟು ಬಾಗಿಲ ಪಕ್ಕ ಆಗಲೇ ತಯಾರಾಗಿತ್ತು. ಅವನು ಯಾರ ಕೈಯನ್ನೂ ನೋಡದೆ ಓದಿದ.

ಮದುವೆ ಮನೆಯಲ್ಲಿ ನೆಕ್ಲೇಸು ಕಳೆದಿದೆ. ಹೆಣ್ಣಿನ ಅಪ್ಪನಿಂದ ಹಿಡಿದು ಅಡುಗೆಯವನವರೆಗೆ ಎಲ್ಲರ ಮೇಲೂ ಅನುಮಾನ. ಹುಡುಕಲು ಬಂದ ಪತ್ತೇದಾರ ಪರಮಶಿವನ ಚಪ್ಪಲಿಯೇ ಬಾಗಿಲಲ್ಲಿ ಕಳುವಾಗಿದೆ. ಪತ್ತೇದಾರನಾಗಿ ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಮರ್ಯಾದೆ ಪ್ರಶ್ನೆ. ಬಗ್ಗಿ ಬಗ್ಗಿ ಒಬ್ಬೊಬ್ಬರ ಕಾಲನ್ನೇ ನೋಡುತ್ತಾ ಹೊರಟ. ಹಿರಿಯರೊಬ್ಬರು ಅವನು ನಮಸ್ಕಾರ ಮಾಡುತ್ತಿದ್ದಾನೆಂದು ತಿಳಿದು "ದೀರ್ಘಾಯುಷ್ಮಾನ್ ಭವ" ಅಂದರು. ಪಕ್ಕದ ಅಜ್ಜಿ, "ಈಗಿನ ಕಾಲದಲ್ಲೂ ಇಂಥ ಹುಡುಗರಿದ್ದಾರಲ್ಲ!" ಎಂದು ಅವನ ತಲೆಯ ಮೇಲೆ ಅಕ್ಷತೆ ಹಾಕಿದರು. ಮಂಟಪದ ಮುಂದೆ ಹೋಗುವಷ್ಟರಲ್ಲಿ ಇಬ್ಬರು ಅವನ ಜಾತಕ ಕೇಳಿದ್ದರು. ಕೊನೆಗೂ ಚಪ್ಪಲಿ ಯಾರದೋ ಕಾಲಲ್ಲಿ ಕಂಡಿತು. ಬಲಗಾಲಿನದು, ಹೆಬ್ಬೆರಳ ಬಳಿ ತಾನೇ ಹಾಕಿಸಿದ ಹೊಲಿಗೆ. ಪರಮಶಿವ ಮೆಲ್ಲಗೆ ತಲೆಯೆತ್ತಿದ.

ಅಲ್ಲಿಗೆ ಹಾಳೆ ಮುಗಿಯಿತು.

ಯಾರೂ ಜೋರಾಗಿ ನಗಲಿಲ್ಲ. ಓದುವಾಗ ಕಾಯಿ ಸಿಡಿಯುವ ಸದ್ದು ಒಂದು ಗಳಿಗೆಯೂ ನಿಂತಿರಲಿಲ್ಲ, ಅದು ಅವನಿಗೆ ಕೇಳಿಸುತ್ತಲೇ ಇತ್ತು. ಇನ್ನೇನು ಉಳಿಯಿತು? ಇಂದುಧರ ಹಾಳೆ ಮಡಚಿ, ಎದ್ದು ಹೋಗಿ ಗಂಟು ಕೈಗೆತ್ತಿಕೊಂಡ.

"ಅಯ್ಯಯ್ಯೋ! ಇದೇನ್ರೀ ಇದು!"

ಕೂಗಿದ್ದು ಕನಕಮ್ಮ. ಬೋಗುಣಿಯ ತುಂಬ ಸಿಪ್ಪೆ. ಕಾಳೆಲ್ಲ ಪೇಪರಿನ ಮೇಲೆ, ಹಸುವಿಗೆ ಅಂತ ಗುಡ್ಡೆ ಹಾಕಿದ ಸಿಪ್ಪೆಯ ನಡುವೆ. ಮೊದಲು ತಪ್ಪಿದ್ದು ಯಾರೋ, ಯಾವಾಗಲೋ, ಇಬ್ಬರಿಗೂ ಗೊತ್ತಿಲ್ಲ. ಇಬ್ಬರೂ ಸೇರಿ ಹಾಗೇ ಸುಲಿದು ಮುಗಿಸಿದ್ದರು.

"ನೀವೇ ಶುರು ಮಾಡಿದ್ದು" ಅಂದರು ಕನಕಮ್ಮ.

"ಅದಿರಲಿ ಬಿಡ್ರಮ್ಮ, ಆರಿಸಿದ್ರಾತು" ಅಂದರು ಕೊಟ್ರಬಸಪ್ಪ. ಅವರು ಬೋಗುಣಿಯ ಕಡೆ ನೋಡುತ್ತಲೂ ಇರಲಿಲ್ಲ. "ಲೇ ಇಂದುಧರ, ಯಾರ ಕಾಲು ಅದು?"

"ಯಾವುದು ಮಾವ?"

"ಅದೇ, ಆ ಚಪ್ಪಲಿ ಹಾಕ್ಕೊಂಡಿದ್ದ ಕಾಲು. ಹೆಣ್ಣಿನ ಅಪ್ಪಂದು ಹೌದಲ್ಲೋ? ನಂಗೆ ಅವನ ಮ್ಯಾಲೇ ಅನುಮಾನ."

"ಅಲ್ಲಾರೀ, ಆ ಅಡುಗೆಯವನೇ ಇರಬೇಕು" ಅಂದರು ಕನಕಮ್ಮ.

"ಮುಂದೆ ಇನ್ನೂ ಬರೆದಿಲ್ಲ ಮಾವ."

"ಬರದಿಲ್ಲ ಅಂದ್ರೆ? ಹಿಂಗ ಮಧ್ಯದಾಗ ಬಿಟ್ಟು ಹೋದ್ರೆ ಹೆಂಗಲೇ?"

ಹೊರಗೆ ರಸ್ತೆಯ ತಿರುವಿನಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಇಂದುಧರ ಗಂಟು ಹಿಡಿದು ಬಾಗಿಲ ಕಡೆ ನೋಡಿದ, ಮಾವನ ಕಡೆ ನೋಡಿದ. ಕೊಟ್ರಬಸಪ್ಪ ಏಳಲಿಲ್ಲ. ಬಸ್ಸು ಇನ್ನೊಮ್ಮೆ ಹಾರ್ನ್ ಹೊಡೆದು, ಸ್ವಲ್ಪ ಹೊತ್ತು ನಿಂತು, ಹೊರಟುಹೋಯಿತು.

"ಕೂತ್ಕೊಂಡು ಬರಿ" ಅಂದರು ಅವರು.

ಇಂದುಧರ ಗುರುಗಳ ಮುಂದೆ ಹೋಗಿ ನಿಂತ.

"ಗುರುಗಳೇ, ನೀವು ಏನೂ ಹೇಳಲಿಲ್ಲ. ಒಲೆಗೋ, ಅಚ್ಚಿಗೋ?"

ವರದಯ್ಯ ಪೂರ್ತಿ ಕಣ್ಣು ಮುಚ್ಚಿಕೊಂಡರು.

"ನನ್ನನ್ನ ಯಾಕಪ್ಪಾ ಕೇಳ್ತೀಯಾ? ಬಸ್ಸು ಬಿಟ್ಟು ಕೂತಿರೋರು ಅವರು."